ಶಿಕ್ಷೆ ತೀರಿದವನ ಗುರುತು

ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಚಿಕ್ಕ ಗ್ರಾಮದಲ್ಲಿ ನಮ್ಮ ಸಭೆಗೆ ಸೇರಿದವರು ಇಪ್ಪತ್ತು ಮನೆಯವರಷ್ಟು ಮಾತ್ರ ಇದ್ದಾರೆ. ಕೆಲವು ಕಾಲದ ಹಿಂದೆ ಸುಗ್ಗಿಯ ದಿವಸಗಳಲ್ಲಿ ಆ ಗ್ರಾಮಕ್ಕೆ ಒಬ್ಬ ಮನುಷ್ಯನು ಹಿಂದಿರುಗಿ ಬಂದನು. ಹೊಲದ ಬದುವಿನ ವಿಷಯವಾಗಿ ಹುಟ್ಟಿದ ಜಗಳದಲ್ಲಿ ಅವನು ನೆರೆಯೂರಿನವನೊಬ್ಬನನ್ನು ಕೊಂದಿದ್ದನು. ನ್ಯಾಯಸ್ಥಾನವು ಅವನಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಹದಿನಾಲ್ಕು ವರ್ಷಗಳಿಗಿಂತ ಹೆಚ್ಚಾಗಿ ಸೆರೆಮನೆಯಲ್ಲಿದ್ದು, ಸನ್ನಡತೆಯ ನಿಮಿತ್ತ ಸರಕಾರದ ಅಪ್ಪಣೆಯಂತೆ ಅವನು ಬಿಡುಗಡೆ ಹೊಂದಿದ್ದನು. ಮೊದಲನೆಯ ಭಾನುವಾರ ಅವನು ಪ್ರಾರ್ಥನಾಲಯಕ್ಕೆ ಬಂದು ಬಾಗಿಲ ಬಳಿಯಲ್ಲಿ ಚಾಪೆಯ ಕೊನೆಗೆ ಕೂತುಕೊಂಡನು. ಅದೇ ದಿವಸ ಸಾಯಂಕಾಲ ದೀಪ ಹಚ್ಚುವದರೊಳಗೆ ಅವನ ಮುಖದ ಚಿತ್ರವೂ ಅದರ ಕೆಳಗೆ ‘ಕೊಲೆಗಾರ’ ಎಂಬ ಬರಹವೂ ಊರಿನ ಎಲ್ಲರ ಮೊಬೈಲುಗಳಿಗೆ ಹೋಗಿದ್ದವು.

ಆ ಚಿತ್ರವು ನಮಗೂ ಬಂತು. ನಾವು ಮಾಡಿದ್ದನ್ನು ವಾಚಕರಿಗೆ ಮರೆಮಾಡುವದು ಸರಿಯಲ್ಲ. ಆ ಮನುಷ್ಯನಿಗೋಸ್ಕರ ಪ್ರಾರ್ಥನೆ ಮಾಡುವದಕ್ಕೆ ಮುಂಚೆಯೇ ನಾವು ಅದನ್ನು ನಮ್ಮ ಮನೆಯವರಿಗೆ ತೋರಿಸಿದೆವು. ಅವರು ಅದನ್ನು ಪಕ್ಕದ ಮನೆಯವರಿಗೆ ತೋರಿಸಿದರು. ಹೀಗೆ ಉಪದೇಶಿಯ ಮನೆಯಿಂದಲೂ ಆ ಸುದ್ದಿಗೆ ಕಾಲು ಬಂತು.

ಮುಂದಿನ ವಾರ ಸಭೆಯ ಹಿರಿಯರು ಕೂಡಿ ಈ ವಿಷಯವನ್ನು ವಿಚಾರಿಸಿದರು. ಒಬ್ಬರು, “ಅವನು ಮಾಡಬೇಕಾದ ಶಿಕ್ಷೆ ತೀರಿಹೋಯಿತು, ಅದನ್ನು ಎತ್ತುವ ಅಧಿಕಾರ ನಮಗಿಲ್ಲ” ಎಂದರು. ಇನ್ನೊಬ್ಬರು, “ಊರಿಗೆ ಹುಲಿ ಬಂದರೆ ಡಂಗುರ ಹೊಡೆಸುವದಿಲ್ಲವೋ?” ಎಂದು ಕೇಳಿದರು. ಆಗ ಸಭೆಯ ತಾಯಂದಿರಲ್ಲಿ ಒಬ್ಬಳು ಎದ್ದು ಹೇಳಿದ್ದೇನಂದರೆ: “ಇವನು ಕೋಪದಲ್ಲಿ ಕೈಮಾಡಿದವನು, ಇವನ ವಿಷಯದಲ್ಲಿ ನನಗೆ ಹೆಚ್ಚು ಭಯವಿಲ್ಲ. ಆದರೆ ನಾಳೆ ಮಕ್ಕಳನ್ನು ಕೆಡಿಸಿ ಸೆರೆಮನೆಗೆ ಹೋದವನೊಬ್ಬನು ಬಂದು ಇದೇ ಚಾಪೆಯ ಮೇಲೆ ಕೂತರೆ, ಆಗಲೂ ನನಗೆ ತಿಳಿಸದೆ ಇರುವಿರೋ? ನನ್ನ ಮಗಳು ಭಾನುವಾರದ ಶಾಲೆಗೆ ಬರುತ್ತಾಳೆ.” ಈ ಮಾತಿಗೆ ಆ ರಾತ್ರಿ ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ಅಂದಿನಿಂದ ನಾವು ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತೇವೆ. ಪ್ರಶ್ನೆಯು ಇದೇ: ಅಪರಾಧ ಮಾಡಿ ಶಿಕ್ಷೆ ಹೊಂದಿದವನು ಇಂಥವನೆಂದು ಸಕಲ ಜನರಿಗೂ ಗುರುತು ಸಿಕ್ಕುವಂತೆ ಇರಬೇಕೋ, ಬಾರದೋ?

ಮೊದಲು, ಗುರುತು ತಿಳಿದಿರಬೇಕೆಂದು ಹೇಳುವವರ ಪಕ್ಷವನ್ನು ನ್ಯಾಯವಾಗಿ ಕೇಳೋಣ. ನ್ಯಾಯಸ್ಥಾನದ ಬಾಗಿಲು ತೆರೆದಿರುವದು ದೊಡ್ಡ ಮೇಲು. ಕದ ಮುಚ್ಚಿ ವಿಚಾರಣೆ ನಡೆಯುವ ದೇಶದಲ್ಲಿ ಬಡವನಿಗೆ ನ್ಯಾಯವಿಲ್ಲ. ನಮ್ಮ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನದ ವಿಷಯವಾಗಿ ಎದ್ದ ಜಾತಿಕಲಹದ ಬೆನ್ನಿಗೆ 1993ನೆಯ ಇಸವಿಯ ಮಾರ್ಚಿಯಲ್ಲಿ ಮೂವರು ದಲಿತರು ಕೊಲೆಯಾದದ್ದನ್ನು ಈ ಸೀಮೆಯ ಹಿರಿಯರು ಮರೆತಿಲ್ಲ. ಅಂಥ ಕಾರ್ಯ ನಡೆದಲ್ಲಿ, ಯಾರು ಏನು ಮಾಡಿದರೆಂಬದು ಬಹಿರಂಗದಲ್ಲಿ ವಿಚಾರಣೆಯಾಗಿ ಬಹಿರಂಗದಲ್ಲಿಯೇ ಬರೆಯಲ್ಪಡಬೇಕು. ಹಾಗಿಲ್ಲವಾದರೆ ಬಲವುಳ್ಳವರ ಹೆಸರು ಮುಚ್ಚಿಹೋಗುವದು, ಬಲವಿಲ್ಲದವರ ಹೆಣ ಮಾತ್ರ ಉಳಿಯುವದು. ಆದಕಾರಣ ತೀರ್ಪು ಗುಟ್ಟಾಗಿರಲೆಂದು ನಾವು ಹೇಳುವದಿಲ್ಲ. ಸತ್ಯವು ಬೆಳಕಿಗೆ ಬರತಕ್ಕದ್ದು.

ಆದರೆ ತೀರ್ಪು ಬಹಿರಂಗವಾಗಿರುವದು ಒಂದು. ತೀರ್ಪು ಹೊಂದಿದವನು ಹೋದಲ್ಲೆಲ್ಲಾ ಅದನ್ನು ಮೈಮೇಲೆ ಹೊತ್ತುಕೊಂಡು ತಿರುಗಬೇಕೆಂಬದು ಮತ್ತೊಂದು. ಈ ಎರಡನೆಯದನ್ನು ನಮ್ಮ ದೇಶವು ಹಿಂದೆ ಮಾಡಿ ನೋಡಿದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕಂಪೆನಿ ಸರಕಾರದವರು ಬಂಗಾಳದಲ್ಲಿ ಜೀವಾವಧಿ ಶಿಕ್ಷೆ ಹೊಂದಿದ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಹೊಯ್ಯಿಸುತ್ತಿದ್ದರು. ಅದಕ್ಕೆ ಆ ಕಡೆಯವರು ಗೋದ್ನಾ ಎಂದು ಹೆಸರಿಟ್ಟಿದ್ದರು. ನಮ್ಮ ಹೆಂಗಸರು ಅಂದಕ್ಕಾಗಿ ಹೊಯ್ಯಿಸಿಕೊಳ್ಳುವ ಹಚ್ಚೆಯೇ ಅಲ್ಲಿ ನಾಚಿಕೆಯ ಬರಹವಾಯಿತು. ತಪ್ಪಿಸಿಕೊಂಡ ಕೈದಿಯನ್ನು ಯಾರಾದರೂ ಕಂಡು ಹಿಡಿಯಲಿ ಎಂಬದು ಅದರ ಉದ್ದೇಶ. 1849ನೆಯ ಇಸವಿಯಲ್ಲಿ ಆ ಪದ್ಧತಿಯನ್ನು ಕಾನೂನಿನಿಂದ ನಿಲ್ಲಿಸಿದರು. ಯೋಚಿಸಿರಿ: ಮೇಲಿನ ನ್ಯಾಯಸ್ಥಾನವು ತಪ್ಪು ತೀರ್ಪನ್ನು ರದ್ದುಮಾಡಬಹುದು, ಸರಕಾರವು ಕ್ಷಮೆ ಕೊಡಬಹುದು, ಆದರೆ ಹಣೆಯ ಚರ್ಮದ ಮೇಲೆ ಹೊಯ್ದ ಹಚ್ಚೆಯನ್ನು ಯಾವ ಅಪ್ಪಣೆಯಿಂದ ಅಳಿಸುವದು?

ಹಣೆಯ ಹಚ್ಚೆ ನಿಂತುಹೋದ ಮೇಲೆ ಅದಕ್ಕಿಂತಲೂ ಕೆಟ್ಟದ್ದೊಂದು ಬಂತು. 1871ನೆಯ ಇಸವಿಯಲ್ಲಿ ಸರಕಾರವು ಅಪರಾಧಿ ಬುಡಕಟ್ಟುಗಳ ಕಾನೂನನ್ನು ಮಾಡಿ, ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲರೂ ಹುಟ್ಟುಗಳ್ಳರೆಂದು ಎಣಿಸಿತು. 1911ರ ಕಾನೂನಿನಿಂದ ಅದು ಮದ್ರಾಸು ಸಂಸ್ಥಾನಕ್ಕೂ ಹಬ್ಬಿತು. ನರಸೀಪುರಕ್ಕೆ ನೆರೆಯಾದ ಕೊಳ್ಳೇಗಾಲವು 1956ರ ವರೆಗೆ ಮದ್ರಾಸಿಗೆ ಸೇರಿತ್ತಾದ್ದರಿಂದ ಆ ಕಾನೂನು ನಮ್ಮ ಹೊಸ್ತಿಲಿನ ವರೆಗೂ ಬಂದಿತ್ತೆಂದು ಹೇಳಬೇಕು. ಪಟ್ಟಿಯಲ್ಲಿ ಹೆಸರು ಬಿದ್ದವನು ಬೆರಳಿನ ಗುರುತು ಕೊಡಬೇಕು, ಗೊತ್ತಾದ ಹೊತ್ತಿಗೆ ಹಾಜರಿ ಹೇಳಬೇಕು, ಅಪ್ಪಣೆಯ ಚೀಟಿಯಿಲ್ಲದೆ ಊರು ಬಿಡಬಾರದು. ಇಲ್ಲಿ ಗುರುತು ಹಾಕಲ್ಪಟ್ಟವನು ಅಪರಾಧ ಮಾಡಿದವನೇ ಆಗಿರಬೇಕೆಂಬ ನಿಬಂಧನೆಯೂ ಇರಲಿಲ್ಲ. ಒಮ್ಮೆ ಮನುಷ್ಯರಿಗೆ ಗುರುತು ಹಾಕುವ ರುಚಿ ಹತ್ತಿದರೆ ಅದು ಅಪರಾಧಿಯಲ್ಲಿಯೇ ನಿಲ್ಲದೆ ಅವನ ಮಗನಿಗೂ ಅವನ ಕುಲಕ್ಕೂ ತಗಲುತ್ತದೆಂಬದಕ್ಕೆ ಇದೇ ಸಾಕ್ಷಿ.

ಈ ವಿಷಯದಲ್ಲಿ ನಮ್ಮ ಮಿಷನ್ ಸಂಘಗಳವರು ತಮ್ಮನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಆ ಜನರನ್ನು ಕೂಡಿಸಿ ಇಡುತ್ತಿದ್ದ ವಸತಿಗಳಲ್ಲಿ ಕೆಲವನ್ನು ನಡಿಸಿದವರು ಕ್ರೈಸ್ತರೇ. ಆಂಧ್ರದ ಸ್ಟೂವರ್ಟ್‌ಪುರಂ ಎಂಬಲ್ಲಿ 1913ರಲ್ಲಿ ಸ್ಥಾಪಿತವಾದ ವಸತಿಯನ್ನು ನೋಡಿಕೊಂಡದ್ದು ಸಾಲ್ವೇಷನ್ ಆರ್ಮಿ ಎಂಬ ಸಂಘ. ಅಲ್ಲಿದ್ದ ಎರುಕಲರು ನಮ್ಮ ಕಡೆಯ ಕೊರಚರಿಗೆ ಸಂಬಂಧಪಟ್ಟವರು. ಆ ಸಂಘದವರು ಅವರಿಗೆ ಹೊಲವನ್ನೂ ಶಾಲೆಯನ್ನೂ ಕೊಟ್ಟರೆಂಬದು ನಿಜವೇ. ಆದರೆ ಸುವಾರ್ತೆಯ ಪುಸ್ತಕವನ್ನು ಹಿಡಿದ ಕೈಯಲ್ಲಿಯೇ ಹಾಜರಿಯ ಪುಸ್ತಕವನ್ನೂ ಹಿಡಿದದ್ದು ನಿಜವೇ. ಪಾಪಿಗೆ ಹೊಸ ಹುಟ್ಟು ಉಂಟೆಂದು ಬೋಧಿಸುತ್ತಾ ಹುಟ್ಟಿನಿಂದಲೇ ಕಳ್ಳರೆಂಬ ಪಟ್ಟಿಯನ್ನು ಕಾಯುವದು ಹೇಗೆ ಹೊಂದುವದು? ಸ್ವತಂತ್ರ ಭಾರತವು 1952ರ ಆಗಸ್ಟ್ 31ರಂದು ಆ ಕಾನೂನನ್ನು ತೆಗೆದುಹಾಕಿತು. ಆದರೂ ಪಾಡಿಗೆ ಬಿದ್ದ ಮಾತು ಬೇಗ ಹೋಗುವದಿಲ್ಲ. ರೂಢಿಗತ ಅಪರಾಧಿಗಳ ಕಾನೂನು ಎಂಬ ಹೆಸರಿನಿಂದ ಬೇರೆ ಬೇರೆ ರಾಜ್ಯಗಳಲ್ಲಿ ಹೊಸ ಪಟ್ಟಿಗಳು ಹುಟ್ಟಿದವು. ಆಗಿನ ಮೈಸೂರು ರಾಜ್ಯದಲ್ಲಿಯೂ 1961ರಲ್ಲಿ ಅಂಥ ಕಾನೂನು ಆಯಿತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸೆರೆಮನೆಗಳಲ್ಲಿ ಜಾತಿಭೇದ ಮಾಡುವ ನಿಯಮಗಳನ್ನು ರದ್ದುಪಡಿಸಿ, ಕೈದಿಗಳ ದಾಖಲೆ ಪುಸ್ತಕಗಳಿಂದ ಜಾತಿಯ ಕಲಮನ್ನೇ ತೆಗೆಯಬೇಕೆಂದು ಆಜ್ಞಾಪಿಸಿತು. 1871ರಲ್ಲಿ ಒತ್ತಿದ ಮುದ್ರೆಯ ಕರೆ 2024ರಲ್ಲಿಯೂ ತೊಳೆಯಬೇಕಾಗಿತ್ತು.

ಈಗಿನ ಕಾಲದ ಸ್ಥಿತಿಯನ್ನು ನೋಡೋಣ. ಶಿಕ್ಷೆ ಹೊಂದಿದವರ ಅಳತೆ, ಬೆರಳಿನ ಗುರುತು, ಚಿತ್ರ ಮೊದಲಾದವುಗಳನ್ನು ಸರಕಾರವು ತೆಗೆದುಕೊಂಡು 75 ವರ್ಷಗಳ ವರೆಗೆ ಇಟ್ಟುಕೊಳ್ಳಬಹುದೆಂದು 2022ರ ಕಾನೂನು ಹೇಳುತ್ತದೆ. ಸ್ತ್ರೀಯರ ಮತ್ತು ಮಕ್ಕಳ ಮೇಲೆ ಲೈಂಗಿಕ ಅಪರಾಧ ಮಾಡಿ ಶಿಕ್ಷೆ ಹೊಂದಿದವರ ದೇಶವ್ಯಾಪ್ತವಾದ ದಾಖಲೆಯು 2018ರ ಸೆಪ್ಟೆಂಬರ್ 20ರಂದು ಪ್ರಾರಂಭವಾಯಿತು. ಆರಂಭದಲ್ಲಿಯೇ ಅದರಲ್ಲಿ 4 ಲಕ್ಷಕ್ಕಿಂತ ಹೆಚ್ಚು ನಮೂದುಗಳಿದ್ದವು. ಆದರೆ ಅದನ್ನು ನೋಡುವ ಅಧಿಕಾರ ಪೊಲೀಸರು ಮೊದಲಾದ ಅಧಿಕಾರಿಗಳಿಗೆ ಮಾತ್ರ ಕೊಡಲ್ಪಟ್ಟಿತು, ಸಾರ್ವಜನಿಕರಿಗೆ ತೆರೆಯಲ್ಪಡಲಿಲ್ಲ. ಅಮೆರಿಕ ದೇಶದಲ್ಲಿ ಬೇರೆ ರೀತಿ. ಅಲ್ಲಿ 1996ರ ಕಾನೂನಿನ ನಂತರ ಅಂಥವರ ಹೆಸರು, ಚಿತ್ರ, ವಾಸಸ್ಥಳಗಳನ್ನು ಯಾರು ಬೇಕಾದರೂ ನೋಡಬಹುದಾಯಿತು. ಇಂಗ್ಲೆಂಡಿನವರು ನಡುವಣ ದಾರಿಯನ್ನು ಹಿಡಿದರು. ಮಗುವಿನ ಹತ್ತಿರ ಓಡಾಡುವ ಇಂಥವನ ವಿಷಯದಲ್ಲಿ ನನಗೆ ಸಂಶಯವಿದೆ ಎಂದು ತಾಯಿತಂದೆಗಳು ಪೊಲೀಸರನ್ನು ಕೇಳಬಹುದು. ಅಪಾಯವಿದೆಯೆಂದು ಕಂಡರೆ ಪೊಲೀಸರು ಮಗುವನ್ನು ಕಾಯುವವರಿಗೆ ಮಾತ್ರ ತಿಳಿಸುವರು. ತಿಳಿದವರು ಅದನ್ನು ಊರಿಗೆಲ್ಲಾ ಹರಡಬಾರದು. ಈ ಏರ್ಪಾಡನ್ನು ಅವರು 2008ರಲ್ಲಿ ಕೆಲವು ಸೀಮೆಗಳಲ್ಲಿ ಪ್ರಾರಂಭಿಸಿ ಆಮೇಲೆ ವಿಸ್ತರಿಸಿದರು.

ಸರಕಾರದ ದಾಖಲೆಗೆ ಬೀಗವಿದ್ದರೂ ಜನರ ಮೊಬೈಲಿಗೆ ಬೀಗವಿಲ್ಲ. ಪೂರ್ವದಲ್ಲಿ ಒಬ್ಬನ ಅಪಕೀರ್ತಿಯು ಅವನ ಊರಿನ ಎಲ್ಲೆಯಲ್ಲಿ ನಿಲ್ಲುತ್ತಿತ್ತು. ಅವನು ಹೊಳೆ ದಾಟಿ ಬೇರೆ ಸೀಮೆಗೆ ಹೋಗಿ ಕೂಲಿ ಮಾಡಿ ಬದುಕಬಹುದಾಗಿತ್ತು. ವೃತ್ತಾಂತಪತ್ರದ ಹಾಳೆಯೂ ಕೆಲವು ದಿವಸಗಳಲ್ಲಿ ಹಳದಿಯಾಗಿ ಅಂಗಡಿಯ ಪೊಟ್ಟಣವಾಗುತ್ತಿತ್ತು. ಈಗ ಬರೆದದ್ದು ಹಳದಿಯಾಗುವದಿಲ್ಲ. ಶಿಕ್ಷೆ ಹೊಂದದವರನ್ನೂ ಈ ಕಷ್ಟ ಬಿಡಲಿಲ್ಲ. 2020ರಲ್ಲಿ ಲಕ್ನೋ ಪಟ್ಟಣದ ಅಧಿಕಾರಿಗಳು, ಚಳವಳಿಯಲ್ಲಿ ಹಾನಿ ಮಾಡಿದರೆಂದು ತಾವು ಆರೋಪಿಸಿದ ಜನರ ಚಿತ್ರಗಳನ್ನೂ ವಿಳಾಸಗಳನ್ನೂ ದೊಡ್ಡ ಹಲಗೆಗಳಲ್ಲಿ ಬೀದಿಯಲ್ಲಿ ನಿಲ್ಲಿಸಿದರು. ಅಲಹಾಬಾದಿನ ಹೈಕೋರ್ಟು ಮಾರ್ಚಿ 9ರಂದು ಅವುಗಳನ್ನು ತೆಗೆಯಬೇಕೆಂದು ಆಜ್ಞಾಪಿಸಿತು. ದಿಲ್ಲಿಯಲ್ಲಿ, ನಿರಪರಾಧಿಯೆಂದು ಬಿಡುಗಡೆಯಾದ ಒಬ್ಬನಿಗೆ ಆ ಹಳೆಯ ಮೊಕದ್ದಮೆಯು ಹೆಸರು ಹುಡುಕಿದವರಿಗೆಲ್ಲಾ ಕಾಣಿಸುತ್ತಿದ್ದದರಿಂದ ಉದ್ಯೋಗ ಸಿಕ್ಕಲಿಲ್ಲ. ಅವನು ಮೊರೆಯಿಡಲಾಗಿ 2021ರಲ್ಲಿ ಅಲ್ಲಿನ ಹೈಕೋರ್ಟು ಆ ತೀರ್ಪು ಹುಡುಕುವವರಿಗೆ ಸಿಕ್ಕದಂತೆ ಮಾಡಬೇಕೆಂದು ಹೇಳಿತು. ತಪ್ಪಿಲ್ಲವೆಂದು ತೀರ್ಪಾದವನ ಪಾಡೇ ಇದಾದರೆ ತಪ್ಪು ಮಾಡಿದವನ ಪಾಡು ಎಂಥದು!

ಹೀಗಿರಲಾಗಿ ಆ ತಾಯಿಯ ಪ್ರಶ್ನೆಗೆ ಏನು ಹೇಳೋಣ? ಅವಳ ಭಯವು ನ್ಯಾಯವಾದದ್ದು. ಮಗುವಿನ ಕ್ಷೇಮಕ್ಕಿಂತ ದೊಡ್ಡವನ ಮಾನವನ್ನು ಹೆಚ್ಚಾಗಿ ಎಣಿಸುವ ಸಭೆಯು ಕರ್ತನ ಮಾತನ್ನು ಕೇಳಿದ ಸಭೆಯಲ್ಲ. ಚಿಕ್ಕವರಲ್ಲಿ ಒಬ್ಬನಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲಿನ ಸಂಗತಿಯನ್ನು ಆತನು ಹೇಳಿದ್ದಾನಷ್ಟೆ. ಆದರೆ ಬೀದಿಯಲ್ಲಿ ಹಲಗೆ ನಿಲ್ಲಿಸುವದರಿಂದ ಮಗುವಿಗೆ ಕಾವಲಾಗುವದೋ? ಮಕ್ಕಳ ಮೇಲೆ ನಡೆದ ಅತ್ಯಾಚಾರಗಳ ವಿಷಯದಲ್ಲಿ ಸರಕಾರದ ಅಪರಾಧ ದಾಖಲೆ ಸಂಸ್ಥೆಯು ಪ್ರಕಟಿಸಿದ ಲೆಕ್ಕಗಳು ವರ್ಷ ವರ್ಷವೂ ಒಂದೇ ಮಾತನ್ನು ಹೇಳಿವೆ: ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪ್ರಸಂಗಗಳಲ್ಲಿ ಆರೋಪಿಯು ಮಗುವಿಗೆ ಪರಿಚಯದವನೇ, ಬಂಧು, ನೆರೆಯವನು, ಸ್ನೇಹಿತನು, ಮನೆಗೆ ಬಂದುಹೋಗುವವನು. ಅವನ ಹೆಸರು ಯಾವ ಪಟ್ಟಿಯಲ್ಲಿಯೂ ಮುಂಚಿತವಾಗಿ ಇರುವದಿಲ್ಲ. ಹಲಗೆಯಲ್ಲಿ ಪರದೇಶಿಯ ಚಿತ್ರವನ್ನು ನೋಡಿ ನಾವು ನಿಶ್ಚಿಂತರಾಗಿ ಮಲಗುವ ರಾತ್ರಿಯಲ್ಲಿ ಅಪಾಯವು ಒಳಮನೆಯಲ್ಲಿ ಇರಬಹುದು.

ಮತ್ತೊಂದು ಸಂಗತಿಯುಂಟು, ಇದನ್ನು ನಾವು ಮೊದಲು ಯೋಚಿಸಿರಲಿಲ್ಲ. ಹಾನಿಗೊಳಗಾದ ಹೆಣ್ಣಿನ ಅಥವಾ ಮಗುವಿನ ಗುರುತನ್ನು ಯಾರೂ ಪ್ರಕಟಿಸಬಾರದೆಂದು ನಮ್ಮ ಕಾನೂನು ಕಟ್ಟುನಿಟ್ಟಾಗಿ ವಿಧಿಸುತ್ತದೆ. ಅಪರಾಧಿಯು ತಂದೆಯೋ ಚಿಕ್ಕಪ್ಪನೋ ಆಗಿದ್ದರೆ, ಅವನ ಹೆಸರನ್ನು ಚಾವಡಿಯಲ್ಲಿ ಬರೆಯುವದೂ ಆ ಮಗುವಿನ ಹೆಸರನ್ನು ಬರೆಯುವದೂ ಒಂದೇ. ಹಳ್ಳಿಯಲ್ಲಿ ಯಾರಿಗೆ ತಿಳಿಯದು? ಅಪರಾಧಿಯನ್ನು ನಾಚಿಸುವದಕ್ಕೆ ಎಸೆದ ಕಲ್ಲು ಅವನನ್ನು ದಾಟಿಹೋಗಿ ಮಗುವಿನ ಹಣೆಗೆ ಬೀಳುವದು. ಹೀಗಾಗುವದೆಂಬ ಭಯದಿಂದ ಎಷ್ಟೋ ತಾಯಂದಿರು ದೂರನ್ನೇ ಕೊಡದೆ ಬಾಯಿಮುಚ್ಚಿಕೊಳ್ಳುವರು. ಆಗ ಪಟ್ಟಿಯಿಂದ ಉಪಕಾರವಾಗುವದು ಅಪರಾಧಿಗೇ.

ಆದದರಿಂದ ಆ ತಾಯಿಗೆ ನಾವು ಕೊಡುವ ಉತ್ತರವಿದು: ಅಮ್ಮಾ, ಇಂಥವನೊಬ್ಬನು ಬಂದರೆ ಭಾನುವಾರದ ಶಾಲೆಯನ್ನು ನಡಿಸುವವರಿಗೂ ಸಭೆಯ ಹಿರಿಯರಿಗೂ ಅದು ತಿಳಿದಿರಲೇಬೇಕು, ಅವನನ್ನು ಮಕ್ಕಳ ಯಾವ ಕೆಲಸಕ್ಕೂ ಎಂದೆಂದಿಗೂ ನೇಮಿಸಬಾರದು, ಅವನಿಂದ ನಿನ್ನ ಮಗುವಿಗೆ ಅಪಾಯ ತಗಲುವ ಹಾಗಿದ್ದರೆ ನಿನಗೂ ತಿಳಿಸತಕ್ಕದ್ದು. ಅಷ್ಟಕ್ಕೆ ನಿಲ್ಲಬಾರದು. ಪಟ್ಟಿಯಲ್ಲಿ ಹೆಸರಿಲ್ಲದ ನಮ್ಮಂಥವರೂ, ಉಪದೇಶಿಯಾದರೂ ಹಿರಿಯನಾದರೂ, ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದೆಂಬ ನಿಯಮವನ್ನು ಸಭೆಯು ಮಾಡಬೇಕು. ಮಗುವು ಹೇಳಿದ ಮಾತನ್ನು ನಂಬಿ ಕೇಳಬೇಕು. ಒಬ್ಬನ ಚಿತ್ರವನ್ನು ಹಂಚುವದಕ್ಕಿಂತ ಇದು ಕಷ್ಟದ ಕೆಲಸ. ಯಾಕಂದರೆ ಇದರಲ್ಲಿ ನಮ್ಮೆಲ್ಲರಿಗೂ ಕಟ್ಟು ಬೀಳುತ್ತದೆ.

ದೇವರ ವಾಕ್ಯವು ಈ ವಿಷಯದಲ್ಲಿ ನಮ್ಮನ್ನು ದಾರಿಯಿಲ್ಲದವರನ್ನಾಗಿ ಬಿಟ್ಟಿಲ್ಲ. ಮೊದಲನೆಯ ಕೊಲೆಗಾರನಾದ ಕಾಯಿನನ ಮೇಲೆ ಕರ್ತನು ಒಂದು ಗುರುತನ್ನು ಇಟ್ಟನೆಂದು ಆದಿಕಾಂಡದಲ್ಲಿ ಓದುತ್ತೇವೆ. ಜನರು ಕಾಯಿನನ ಗುರುತೆಂದರೆ ನಾಚಿಕೆಯ ಗುರುತೆಂದು ಮಾತಾಡುವದುಂಟು. ಆದರೆ ಅಲ್ಲಿ ಬರೆದಿರುವದನ್ನು ನಿಧಾನವಾಗಿ ಓದಿದರೆ, ಅವನನ್ನು ಕಂಡವರು ಕೊಲ್ಲದಿರಲಿ ಎಂದು ಆ ಗುರುತು ಇಡಲ್ಪಟ್ಟಿತೆಂಬದು ತಿಳಿಯುವದು. ಹೇಬೆಲನ ರಕ್ತವು ಕೂಗಿದ್ದನ್ನು ದೇವರು ಮರೆಯಲಿಲ್ಲ; ಕಾಯಿನನ ಶಿಕ್ಷೆಯನ್ನೂ ಬಿಡಲಿಲ್ಲ. ಆದರೂ ದೇವರು ವಿಧಿಸಿದ ಶಿಕ್ಷೆಗೆ ಮನುಷ್ಯರು ತಮ್ಮ ಪಾಲನ್ನು ಕೂಡಿಸದಂತೆ ಬೇಲಿ ಹಾಕಿದನು. ಮೋಶೆಯ ಧರ್ಮಶಾಸ್ತ್ರವೂ ಹೀಗೆಯೇ. ಅಪರಾಧಿಗೆ ನಾಲ್ವತ್ತು ಪೆಟ್ಟುಗಳಿಗಿಂತ ಹೆಚ್ಚು ಹೊಡೆಯಬಾರದೆಂದು ಅದರಲ್ಲಿ ವಿಧಿಯುಂಟು. ಅದಕ್ಕೆ ಕೊಟ್ಟ ಕಾರಣವೇನಂದರೆ, ಎಣಿಕೆ ಮೀರಿದರೆ ಆ ಸಹೋದರನು ನಿಮ್ಮ ಕಣ್ಣಿಗೆ ತುಚ್ಛನಾಗಿ ಕಾಣುವನೆಂಬದೇ. ಹೊಡೆತ ತಿನ್ನುವವನನ್ನೂ ಶಾಸ್ತ್ರವು ಸಹೋದರನೆಂದು ಕರೆಯುತ್ತದೆ. ಲೆಕ್ಕವಿಲ್ಲದ ಶಿಕ್ಷೆಯು ಮನುಷ್ಯನನ್ನು ಸಹೋದರತ್ವದಿಂದ ಹೊರಕ್ಕೆ ಹಾಕುತ್ತದೆ. ಮೊಬೈಲಿನಲ್ಲಿ ತಿರುಗುವ ಚಿತ್ರಕ್ಕೆ ನಾಲ್ವತ್ತೆಂಬ ಲೆಕ್ಕವೆಲ್ಲಿ?

ಆಶ್ರಯನಗರಗಳ ಏರ್ಪಾಡನ್ನೂ ನೆನಸಿಕೊಳ್ಳಿರಿ. ಕೈತಪ್ಪಿ ನರಹತ್ಯ ಮಾಡಿದವನು ಆ ಊರಿನ ಬಾಗಿಲಲ್ಲಿ ನಿಂತು ತನ್ನ ಸಂಗತಿಯನ್ನು ಅಲ್ಲಿನ ಹಿರಿಯರಿಗೆ ಅರಿಕೆ ಮಾಡಬೇಕಾಗಿತ್ತು. ಹಿರಿಯರಿಗೆ ತಿಳಿಯದೆ ಅವನು ಒಳಗೆ ಸೇರುವಂತಿರಲಿಲ್ಲ. ತಿಳಿದುಕೊಂಡ ಆ ಹಿರಿಯರು ಅವನಿಗೆ ಸ್ಥಳ ಕೊಟ್ಟು ಕಾಪಾಡಬೇಕಾಗಿತ್ತು. ಅದಕ್ಕೆ ಒಂದು ಅವಧಿಯೂ ಇತ್ತು: ಆ ಕಾಲದ ಮಹಾಯಾಜಕನು ತೀರಿಹೋದ ಮೇಲೆ ಅವನು ಸ್ವಂತ ಊರಿಗೆ ಹೋಗಬಹುದು, ಆಮೇಲೆ ಸೇಡು ತೀರಿಸುವವನಿಗೆ ಅವನ ಮೇಲೆ ಯಾವ ಹಕ್ಕೂ ಇಲ್ಲ. ಯಾರಿಗೆ ತಿಳಿಯಬೇಕು, ಎಷ್ಟು ಕಾಲ, ತಿಳಿದವರು ಏನು ಮಾಡಬೇಕು ಎಂಬ ಮೂರು ಮಾತುಗಳಿಗೂ ಅಲ್ಲಿ ಉತ್ತರವಿದೆ.

ಹೊಸ ಒಡಂಬಡಿಕೆಯಲ್ಲಿ ಸೌಲನ ಸಂಗತಿಯುಂಟು. ಸ್ತೆಫನನ ಕೊಲೆಗೆ ಸಮ್ಮತಿಸಿದವನೂ ವಿಶ್ವಾಸಿಗಳನ್ನು ಮನೆಮನೆಯಿಂದ ಎಳೆದು ಸೆರೆಗೆ ಹಾಕಿದವನೂ ಯೆರೂಸಲೇಮಿಗೆ ಬಂದು ಶಿಷ್ಯರೊಂದಿಗೆ ಸೇರಬೇಕೆಂದಾಗ ಎಲ್ಲರೂ ಅವನಿಗೆ ಭಯಪಟ್ಟರು. ಆ ಭಯವನ್ನು ದೇವರ ವಾಕ್ಯವು ಹಳಿಯುವದಿಲ್ಲ. ಬಾರ್ನಬನು ಬಂದು ಅವನ ಕೈಹಿಡಿದು ಅಪೊಸ್ತಲರ ಬಳಿಗೆ ಕರಕೊಂಡುಹೋಗಿ, ದಾರಿಯಲ್ಲಿ ನಡೆದದ್ದನ್ನೂ ದಮಸ್ಕದಲ್ಲಿ ನಡೆದದ್ದನ್ನೂ ವಿವರವಾಗಿ ತಿಳಿಸಿದನು. ಹಿಂದಿನದನ್ನು ಮರೆಮಾಡಲಿಲ್ಲ, ಬೀದಿಯಲ್ಲಿ ಸಾರಲೂ ಇಲ್ಲ. ತಿಳಿಯಬೇಕಾದವರಿಗೆ ತಿಳಿಸಿ ತಾನು ಅವನ ಪಕ್ಕದಲ್ಲಿ ನಿಂತನು. ಆಮೇಲೆ ಪೌಲನು ತನ್ನ ಪೂರ್ವದ ದೋಷವನ್ನು ತಾನೇ ಸಭೆಗಳಿಗೆ ಬರೆದು ಹೇಳಿಕೊಂಡನು. ತನ್ನ ಬಾಯಿಂದ ಬಂದ ಅರಿಕೆಯು ಸಾಕ್ಷಿಯಾಗುವದು. ಅದೇ ಮಾತು ಪರರ ಬಾಯಿಂದ ಬಂದರೆ ಕಳಂಕವಾಗುವದು. ಮೈಸೂರಿನ ಸೆರೆಮನೆಯ ಕೈದಿಗಳಿಗೆ ರಂಗಾಯಣದ ನಟರಾದ ಹುಲುಗಪ್ಪ ಕಟ್ಟೀಮನಿಯವರು ನಾಟಕವನ್ನು ಕಲಿಸಿ, ಅವರನ್ನು ಸೆರೆಮನೆಯ ಹೊರಗೂ ರಂಗದ ಮೇಲೆ ನಿಲ್ಲಿಸಿದ್ದನ್ನು ನಮ್ಮ ವಾಚಕರಲ್ಲಿ ಕೆಲವರು ಬಲ್ಲರು. ನೋಡಲಿಕ್ಕೆ ಬಂದ ಜನರಿಗೆ ಇವರು ಶಿಕ್ಷೆ ಹೊಂದಿದವರೆಂದು ಗೊತ್ತಿತ್ತು. ಆದರೆ ಅಲ್ಲಿ ಅವರು ಮುಖವನ್ನು ತಾವಾಗಿ ತೋರಿಸಿದರು, ಜನರು ಆ ಮುಖದಲ್ಲಿ ಅಪರಾಧದ ಹೊರತು ಬೇರೊಂದನ್ನೂ ಕಂಡರು.

ಇಷ್ಟರಿಂದ ನಮಗೆ ತೋರುವ ತೀರ್ಮಾನವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ತಿಳಿಯುವ ಹಕ್ಕು ಹೊಣೆಯನ್ನು ಹೊರುವವನದು. ಒಂದನೆಯದಾಗಿ, ನ್ಯಾಯಸ್ಥಾನದ ವಿಚಾರಣೆಯೂ ತೀರ್ಪೂ ಬಹಿರಂಗವಾಗಿಯೇ ಇರಲಿ. ಎರಡನೆಯದಾಗಿ, ಮಕ್ಕಳನ್ನೂ ರೋಗಿಗಳನ್ನೂ ದಿಕ್ಕಿಲ್ಲದವರನ್ನೂ ಕಾಯುವವರು ತಾವು ಕೆಲಸಕ್ಕೆ ಇಟ್ಟುಕೊಳ್ಳುವವನ ಪೂರ್ವವನ್ನು ಅಧಿಕಾರಿಗಳಿಂದ ಕೇಳಿ ತಿಳಿಯಲಿ. ಮೂರನೆಯದಾಗಿ, ನಮ್ಮನ್ನು ಆಳುವದಕ್ಕೆ ಓಟು ಕೇಳುವವನ ಗುರುತು ಎಲ್ಲರಿಗೂ ತಿಳಿಯಲೇಬೇಕು; ಯಾಕಂದರೆ ಅಲ್ಲಿ ಹೊಣೆ ಹೊರುವವರು ಎಲ್ಲರೂ ಹೌದು. ಅಭ್ಯರ್ಥಿಗಳು ತಮ್ಮ ಮೇಲಿನ ಅಪರಾಧ ಪ್ರಕರಣಗಳನ್ನು ತಿಳಿಸಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿಯೂ, ವೃತ್ತಾಂತಪತ್ರಗಳಲ್ಲಿ ಪ್ರಕಟಿಸಬೇಕೆಂದು 2018ರಲ್ಲಿಯೂ, ಅಂಥವರನ್ನು ಆರಿಸಿದ್ದಕ್ಕೆ ಪಕ್ಷಗಳು ಕಾರಣ ಕೊಡಬೇಕೆಂದು 2020ರಲ್ಲಿಯೂ ಹೇಳಿತು. ಇದು ನ್ಯಾಯವೇ. ಆದರೆ ನಮ್ಮ ನಡತೆಯನ್ನು ನೋಡಿರಿ! ಪ್ರಕರಣಗಳ ಪಟ್ಟಿಯನ್ನು ಓದಿಯೂ ದೊಡ್ಡವನಿಗೆ ಹಾರ ಹಾಕುತ್ತೇವೆ. ಶಿಕ್ಷೆಯನ್ನು ಪೂರ್ತಿಮಾಡಿ ಬಂದ ಕೂಲಿಯವನಿಗೆ ನೀರು ಕೊಡುವದಕ್ಕೆ ಹಿಂದೆಗೆಯುತ್ತೇವೆ. ನಾಲ್ಕನೆಯದಾಗಿ, ಉಳಿದವರ ವಿಷಯದಲ್ಲಿ ಗುರುತಿಗೆ ಒಂದು ಅವಧಿ ಇರಬೇಕು. ಇಂಗ್ಲೆಂಡಿನವರು 1974ರ ಕಾನೂನಿನಿಂದ, ಕಡಿಮೆ ಶಿಕ್ಷೆ ಹೊಂದಿ ಗೊತ್ತಾದ ಕಾಲದ ವರೆಗೆ ಒಳ್ಳೇ ರೀತಿಯಲ್ಲಿ ನಡೆದವನ ಹಳೆಯ ಅಪರಾಧವು ಸವೆದುಹೋಯಿತೆಂದು ಎಣಿಸುತ್ತಾರೆ. ನಮ್ಮ ದೇಶದ 2015ರ ಬಾಲನ್ಯಾಯ ಕಾನೂನು ತಪ್ಪು ಮಾಡಿದ ಹುಡುಗರ ಗುರುತನ್ನು ಪ್ರಕಟಿಸಬಾರದೆಂದೂ, ಕೆಲವು ಘೋರ ಪ್ರಸಂಗಗಳ ಹೊರತು ಅವರ ದಾಖಲೆಯನ್ನು ನಾಶಮಾಡಬೇಕೆಂದೂ ವಿಧಿಸುತ್ತದೆ. ಹುಡುಗನಿಗೆ ತೋರಿದ ಈ ನ್ಯಾಯದಲ್ಲಿ ಒಂದು ಪಾಲಾದರೂ ದೊಡ್ಡವನಿಗೆ ಸಿಕ್ಕಬೇಡವೋ?

“ಕೊಲೆಯಾದವನ ಮನೆಯವರ ಗತಿಯೇನು? ಅಪರಾಧಿಗೆ ಇಷ್ಟು ಕನಿಕರವೋ?” ಎಂದು ಕೆಲವರು ಕೇಳುವರು. ಈ ಆಕ್ಷೇಪಣೆಗೆ ಪುಸ್ತಕದಿಂದ ಉತ್ತರ ಕೊಡಬಾರದೆಂದು ನಾವು ಆ ನೆರೆಯೂರಿಗೆ ಹೋಗಿ, ಸತ್ತವನ ಹೆಂಡತಿಯನ್ನು ಕಂಡೆವು. ಆಕೆ ಜಗಲಿಯ ಮೇಲೆ ಹುರುಳಿಯನ್ನು ಕೇರುತ್ತಿದ್ದಳು. ಆ ಚಿತ್ರವು ಅವಳಿಗೂ ಬಂದಿತ್ತು. “ಅವನ ಮುಖವನ್ನು ನನಗೆ ಯಾರೂ ತೋರಿಸಬೇಕಾಗಿಲ್ಲ” ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಇದನ್ನು ಕಳುಹಿಸಿದವರಲ್ಲಿ ಒಬ್ಬರಾದರೂ ಇಷ್ಟು ವರ್ಷ ನನ್ನ ಮಕ್ಕಳು ಉಂಡರೋ ಇಲ್ಲವೋ ಎಂದು ಕೇಳಲಿಲ್ಲ. ಅವನ ಹೆಸರು ಊರಿಗೆಲ್ಲಾ ಗೊತ್ತು, ನನ್ನ ಗಂಡನ ಹೆಸರು ಎಷ್ಟು ಜನಕ್ಕೆ ಗೊತ್ತು, ಹೇಳಿ” ಎಂದಳು. ಆಕೆಯ ಗಂಡನ ಹೆಸರು ನಮಗೂ ಗೊತ್ತಿರಲಿಲ್ಲ. ನಾವು ಕೇಳಿ ತಿಳುಕೊಂಡೆವು. ಆಕೆ ಕ್ಷಮಿಸಿದೆನೆಂದು ಹೇಳಲಿಲ್ಲ. ನಾವೂ ಆ ಮಾತನ್ನು ಅವಳಿಂದ ಕೇಳಲಿಲ್ಲ. ಕ್ಷಮೆಯು ಉಪದೇಶಿಯು ವಸೂಲಿ ಮಾಡತಕ್ಕ ಕಾಣಿಕೆಯಲ್ಲ. ಆದರೆ ಚಿತ್ರ ಹಂಚಿದ್ದರಿಂದ ಆಕೆಗೆ ಯಾವ ನ್ಯಾಯವೂ ಸಿಕ್ಕಲಿಲ್ಲವೆಂಬದು ನಮಗೆ ಸ್ಪಷ್ಟವಾಯಿತು. ಅದರಿಂದ ಸಂತೋಷಪಟ್ಟವರು ಹಂಚಿದವರು ಮಾತ್ರ.

ಇನ್ನು ಆ ಮನುಷ್ಯನ ಸಂಗತಿ. ಎರಡು ಭಾನುವಾರಗಳಾದ ಮೇಲೆ ಅವನು ಪ್ರಾರ್ಥನೆಗೆ ಬರುವದನ್ನು ಬಿಟ್ಟನು. ನಂಜನಗೂಡಿನ ಕಾರ್ಖಾನೆಗಳ ಕಡೆಗೆ ಕೂಲಿಗೆ ಹೋಗಿದ್ದನು. ಅಲ್ಲಿಗೂ ಅವನಿಗಿಂತ ಮುಂಚೆ ಆ ಚಿತ್ರವು ಹೋಗಿತ್ತು. ಒಂದು ವಾರದೊಳಗೆ ಅವನನ್ನು ಕೆಲಸದಿಂದ ತೆಗೆದರು. ಆಗ ನಮ್ಮ ಸಭೆಯ ಹಿರಿಯರಲ್ಲಿ ಒಬ್ಬರು, ಓದು ಬರಹ ಹೆಚ್ಚು ತಿಳಿಯದವರು, ಅವನನ್ನು ಹುಡುಕಿಕೊಂಡು ಹೋಗಿ, ತಮಗೆ ಪರಿಚಯವಿದ್ದ ಇಟ್ಟಿಗೆ ಗೂಡಿನ ಯಜಮಾನನ ಬಳಿಗೆ ಕರಕೊಂಡುಹೋದರು. “ಇವನು ಮಾಡಿದ್ದೇನೆಂದು ನನಗೆ ಗೊತ್ತು, ನಿಮಗೂ ಹೇಳುತ್ತೇನೆ. ಇವನಿಂದ ಏನಾದರೂ ಕೆಟ್ಟದ್ದಾದರೆ ಮೊದಲು ನನ್ನನ್ನು ಕರೆಯಿರಿ” ಎಂದರು. ಸೆಮಿನೆರಿಯಲ್ಲಿ ಫಿಲೆಮೋನನ ಪತ್ರಿಕೆಯನ್ನು ಕಲಿತವರು ನಾವು. ಒನೇಸಿಮನ ಸಾಲವನ್ನು ತನ್ನ ಲೆಕ್ಕಕ್ಕೆ ಹಾಕೆಂದ ಪೌಲನಂತೆ ನಡೆದವರು ಅವರು. ಆ ಮನುಷ್ಯನು ಈಗಲೂ ಗೂಡಿನಲ್ಲಿ ಕೆಲಸ ಮಾಡುತ್ತಾನೆ. ಪ್ರಾರ್ಥನೆಗೆ ಕೆಲವು ಸಾರಿ ಬರುತ್ತಾನೆ, ಕೆಲವು ಸಾರಿ ಬರುವದಿಲ್ಲ. ಅವನ ಮನಸ್ಸು ಪೂರ್ಣವಾಗಿ ತಿರುಗಿತೆಂದು ಹೇಳುವ ಧೈರ್ಯ ನಮಗಿಲ್ಲ. ಅದು ಹೃದಯಗಳನ್ನು ಬಲ್ಲಾತನಿಗೆ ತಿಳಿದದ್ದು.

ಪ್ರಿಯ ವಾಚಕರೇ, ನಿಮ್ಮ ಗ್ರಾಮಕ್ಕೂ ಒಂದು ದಿವಸ ಅಂಥವನು ಬರಬಹುದು. ಅವನ ಚಿತ್ರವು ನಿಮ್ಮ ಕೈಗೂ ಬರಬಹುದು. ಆಗ ಅದನ್ನು ಮುಂದಕ್ಕೆ ಕಳುಹಿಸುವದಕ್ಕೆ ಮುಂಚೆ ಎರಡು ಮಾತುಗಳನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಇದನ್ನು ತಿಳಿದು ನಾನು ಯಾರನ್ನು ಕಾಯುವೆನು? ಇದನ್ನು ತಿಳಿದು ಯಾರ ಹೊಣೆಯನ್ನು ಹೊರುವೆನು? ಎರಡಕ್ಕೂ ಉತ್ತರವಿಲ್ಲದಿದ್ದರೆ ಆ ಚಿತ್ರವು ನಿಮ್ಮಲ್ಲಿಯೇ ನಿಲ್ಲಲಿ. ನಮ್ಮ ದೋಷಗಳ ಪಟ್ಟಿಯನ್ನು ಬಲ್ಲ ದೇವರು ಅದನ್ನು ನಮ್ಮ ನೆರೆಯವರಿಗೆ ಓದಿ ಹೇಳಲಿಲ್ಲವೆಂಬದನ್ನು ನೆನಸಿಕೊಂಡು, ಆ ಮನುಷ್ಯನಿಗೂ ಅವನಿಂದ ಗಂಡನನ್ನು ಕಳಕೊಂಡವಳಿಗೂ ನಮ್ಮ ಪ್ರಾರ್ಥನೆಯಲ್ಲಿ ಮಾತ್ರವಲ್ಲ, ನಮ್ಮ ಚಾಪೆಯಲ್ಲಿಯೂ ನಮ್ಮ ಕಣಜದಲ್ಲಿಯೂ ಪಾಲು ಕೊಡೋಣ.